ನಲವತ್ತೊಂದು ಶಾಲುಗಳ ಎತ್ತರ

ಅಖಿಲ ಸೀಮಾಭಾಗ ದಿವ್ಯಾಂಗ ಮಹಿಳಾ ಆರೋಗ್ಯ ಹಾಗೂ ಹಕ್ಕು ಜಾಗೃತಿ ಅಭಿಯಾನ ಸಮಿತಿಯ ನಿಲಂಗಾ ತಪಾಸಣಾ ಕೇಂದ್ರದಲ್ಲಿ ಹೆಣ್ಣುಮಕ್ಕಳನ್ನು ಮಲಗಿಸಿ ನೋಡುವ ಟೇಬಲ್ಲಿನ ಎತ್ತರ ನೆಲದಿಂದ ಸರಿಯಾಗಿ ಮೂರು ಅಡಿ. ಈ ವಿಷಯದಲ್ಲಿ ಎರಡು ಮಾತಿಲ್ಲ. ಸಮಿತಿಯ ಸಾಮಾನಿನ ರಜಿಸ್ಟರಿನಲ್ಲಿ ಹಾಗೆಂದು ಬರೆದು, ಕೆಳಗೆ ಅಧ್ಯಕ್ಷರು ಸಹಿ ಮಾಡಿದ್ದಾರೆ.

ಕೇಂದ್ರ ಇರುವುದು ಅಡತಿ ಬಜಾರದ ಹಳೇ ತೊಗರಿ ಗೋದಾಮಿನಲ್ಲಿ. ಸಮಿತಿಯ ಹೆಸರು ಉದ್ದವಾದ್ದರಿಂದ ಬೋರ್ಡು ಪಕ್ಕದ ಎರಡು ಅಂಗಡಿಗಳ ತಲೆಯ ಮೇಲೂ ಹಾದುಹೋಗಿದೆ; ಆ ಅಂಗಡಿಯವರು ಇದನ್ನು ಸಮಾಜಸೇವೆ ಅಂತ ತಿಳಿದು ಸುಮ್ಮನಿದ್ದಾರೆ. ಮೂರು ವರ್ಷದಲ್ಲಿ ಸಮಿತಿ ಒಂಬತ್ತು ಪರಿಷತ್ತು, ನಾಲ್ಕು ಮೆರವಣಿಗೆ, ಒಂದು ರಂಗೋಲಿ ಸ್ಪರ್ಧೆ ನಡೆಸಿತ್ತು. ದಿವ್ಯಾಂಗ ಮಹಿಳೆ ಮಾತ್ರ ಒಬ್ಬಳೂ ಒಳಗೆ ಬಂದಿರಲಿಲ್ಲ. ಬಾಗಿಲಿಗೆ ಏಳು ಮೆಟ್ಟಿಲು ಇದ್ದವು. ಯಾರೂ ಬರುತ್ತಿಲ್ಲ ಅಂದಮೇಲೆ ಈ ಭಾಗದ ದಿವ್ಯಾಂಗ ಮಹಿಳೆಯರ ಆರೋಗ್ಯ ಚೆನ್ನಾಗಿದೆ ಎಂದು ಸಮಿತಿ ವಾರ್ಷಿಕ ವರದಿಯಲ್ಲಿ ಸಂತೋಷ ಪಟ್ಟಿತ್ತು.

ಆ ಸಂತೋಷವನ್ನು ಕೆಡಿಸಿದವಳು ತುರೋರಿಯ ಉಜ್ವಲಾ.

ಉಜ್ವಲಾ ಹುಟ್ಟಿದ್ದು ಸಾಸ್ತೂರಿನಲ್ಲಿ. ಆರು ವರ್ಷದವಳಿದ್ದಾಗ ಭೂಕಂಪದಲ್ಲಿ ಮನೆಯ ಗೋಡೆ ಕಾಲಿನ ಮೇಲೆ ಬಿತ್ತು. ಅವತ್ತಿನಿಂದ ಮಂಡಿಯ ಕೆಳಗೆ ಎರಡೂ ಕಾಲು ಇದ್ದೂ ಇಲ್ಲ. ಅವ್ವ ಪ್ರಯಾಗಬಾಯಿ ಮಗಳನ್ನು ಕಟ್ಟಿಕೊಂಡು ತವರೂರು ತುರೋರಿಗೆ ಬಂದಳು. ಈಗ ಉಜ್ವಲಾಗೆ ಮೂವತ್ತೇಳು. ಹೆದ್ದಾರಿಯ ಬದಿಗೆ ಒಂದು ತಗಡಿನ ಪತ್ರಾದ ಶೆಡ್ಡಿನಲ್ಲಿ ಕೈಮಶೀನು ಇಟ್ಟುಕೊಂಡು ಸೀರೆಗೆ ಫಾಲ್ ಹಚ್ಚುತ್ತಾಳೆ, ಜಂಪರ್ ಹೊಲಿಯುತ್ತಾಳೆ, ಲಾರಿ ಡ್ರೈವರುಗಳ ಹರಿದ ಅಂಗಿಗೆ ತೇಪೆ ಹಾಕುತ್ತಾಳೆ. ಸಮತಟ್ಟು ನೆಲದಲ್ಲಿ ಎರಡು ಊರುಗೋಲಿನ ಮೇಲೆ ನಡೆಯುತ್ತಾಳೆ. ಮೆಟ್ಟಿಲು ಬಂದರೆ ಅದಕ್ಕೆ ಬೆನ್ನು ಕೊಟ್ಟು ಕುಂತು, ಎರಡೂ ಕೈ ಊರಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಏರುತ್ತಾಳೆ. ಮೆಟ್ಟಿಲು ಗೇಣೆತ್ತರ ಇದ್ದರೆ ಆಕೆ ಮಾಳಿಗೆಗೂ ಹೋದಾಳು.

ತಿಂಗಳಿಗೆ ನಾಲ್ಕು ದಿನ ಇರಬೇಕಾದ ಮುಟ್ಟು ಆಕೆಗೆ ಇಪ್ಪತ್ತು ದಿನವಾದರೂ ನಿಲ್ಲದಾಯಿತು. ಮಶೀನಿನ ಹಿಡಿ ತಿರುಗಿಸುವಾಗ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಉಮರ್ಗಾದ ಒಬ್ಬ ಖಾಸಗಿ ಡಾಕ್ಟರು ಆಕೆಯ ಊರುಗೋಲು ನೋಡಿದ ಕೂಡಲೆ, "ನಿಮ್ಮಂಥವ್ರಿಗಂತೇ ಬ್ಯಾರೆ ಅಭಿಯಾನ ಅದ, ನಿಲಂಗಾಕ್ಕ ಹೋಗ್ರಿ" ಅಂದರು. ಆಕೆ ಎರಡು ಎಸ್.ಟಿ. ಬಸ್ಸು ಬದಲಿಸಿ ನಿಲಂಗಾಕ್ಕೆ ಬಂದು, ಏಳೂ ಮೆಟ್ಟಿಲು ಹಿಂದುಹಿಂದಾಗಿ ಏರಿ ಒಳಗೆ ಹೋದಳು. ಅವ್ವ ಊರುಗೋಲು ಹಿಡಿದು ಹಿಂದೆ ಬಂದಳು.

ಅವತ್ತು ಗುರುವಾರ. ಗುರುವಾರಕ್ಕೊಮ್ಮೆ ಉದಗೀರದಿಂದ ಡಾಕ್ಟರ್ ಮನೀಷಾ ಮೇಡಂ ಬರುತ್ತಾರೆ.

"ಮ್ಯಾಲ ಹತ್ತಿ ಮಲಕೋರಿ," ಮೇಡಂ ಕಾಗದದಿಂದ ತಲೆ ಎತ್ತದೆ ಹೇಳಿದರು.

"ಹತ್ತಲಿಕ್ಕಿ ಬರಂಗಿಲ್ರೀ ಮೇಡಂ. ಕಾಲಿಲ್ಲ."

ಮೇಡಂ ತಲೆ ಎತ್ತಿ ನೋಡಿದರು. "ಕಾಲು ಅವ ಅಲ್ಲ?"

"ಅವರೀ. ನೋಡಲಿಕ್ಕಷ್ಟೇ ಅವ."

"ಕುಸುಮಬಾಯಿ, ಸ್ಟೂಲ್ ತರ್ರಿ."

ಕೇಂದ್ರದ ಆಯಾ ಕುಸುಮಬಾಯಿ ನಿಂತಲ್ಲೇ ನಿಂತಳು. "ಸ್ಟೂಲಿಗಿ ಮೂರೇ ಕಾಲ್ರೀ ಮೇಡಂ. ಗ್ವಾಡಿಗಿ ಆನಿಸಿ ನಿಲ್ಲಸೀವಿ. ರಿಪೇರಿಗಿ ಅರ್ಜಿ ಹೋಗ್ಯದ."

"ಹಂಗಾದ್ರ ನೀವೇ ಹಿಡದು ಎತ್ತರಿ."

"ಎತ್ತೋದು ನನ್ನ ಕೆಲಸದಾಗ ಬರಂಗಿಲ್ರೀ. ಎತ್ತೋದಂದ್ರ ಹಮಾಲಿ. ಹಮಾಲರು ಹೊರಗ ಅಡತ್ಯಾಗ ಅದಾರ, ಖರೇ ಪಡದಾದ ಒಳಗ ಗಂಡಸರು ಬರಂಗಿಲ್ಲ. ಬೋರ್ಡ ಓದ್ರಿ."

ಬೋರ್ಡು ಇತ್ತು. ಮಹಿಳೆಯರ ಮಾನಮರ್ಯಾದೆಯ ದೃಷ್ಟಿಯಿಂದ ಪರದೆಯ ಒಳಗೆ ಪುರುಷರಿಗೆ ಪ್ರವೇಶವಿಲ್ಲ.

ಪ್ರಯಾಗಬಾಯಿ ಅರವತ್ತೆಂಟರ ಮುದುಕಿ. ಮಗಳ ಕಂಕುಳಲ್ಲಿ ಕೈಹಾಕಿ ಒಂದು ಸಲ ಜಗ್ಗಿ ನೋಡಿದಳು, ಇಬ್ಬರೂ ಕೂಡಿಯೇ ಕೆಳಗೆ ಕುಂತರು.

ಉಜ್ವಲಾ ಕುಂತಲ್ಲಿಂದಲೇ, "ಮೇಡಂ, ಹೆಂಗೂ ಕುಂತೀನಿ. ಇಲ್ಲೇ ಒಂದ ಚಾಪಿ ಹಾಸಿ ನೋಡಿಬಿಡ್ರಿ" ಅಂದಳು.

ಮೇಡಂ ಮುಖ ಗಂಭೀರವಾಯಿತು. "ನೆಲದ ಮ್ಯಾಲ ನೋಡಿದ್ರ ನಿಮ್ಮ ಮರ್ಯಾದಿ ಏನ ಉಳೀತದ? ನಮ್ಮ ಅಭಿಯಾನದಾಗ ಮೊದಲನೇ ಕಲಮೇ ಮರ್ಯಾದಿದು."

ಫಾರ್ಮಿನಲ್ಲಿ 'ರೋಗಿ ತಪಾಸಣೆಗೆ ಸಹಕರಿಸಲಿಲ್ಲ' ಎಂದು ಬರೆದು, ಒಂದು ಪಟ್ಟಿ ರಕ್ತ ಏರುವ ಗುಳಿಗೆ ಕೊಟ್ಟರು.

ಹೊರಗೆ ಸಮಿತಿಯ ಕಾರ್ಯದರ್ಶಿ ನೀಲೇಶ ಕುಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಎರಡು ಫೋನು. ಉಜ್ವಲಾ ಅರ್ಜಿ ಬರೆದುಕೊಟ್ಟಳು: ಟೇಬಲ್ಲು ತಗ್ಗಾದರೆ ನಾನೇ ಹತ್ತುತ್ತೇನೆ, ಯಾರೂ ಎತ್ತುವುದು ಬೇಡ. ನೀಲೇಶ ಅರ್ಜಿ ಓದಲಿಲ್ಲ, ಆಕೆಯ ಊರುಗೋಲನ್ನು ನೋಡಿದ. ಮೂರು ವರ್ಷದಲ್ಲಿ ಬಂದ ಮೊದಲನೇ ಅಸಲಿ ದಿವ್ಯಾಂಗ ಮಹಿಳೆ. ಅವನ ಕಣ್ಣು ತುಂಬಿ ಬಂದವು.

"ಅಕ್ಕಾ, ಐತವಾರ ಬಿಡುವದ ಏನ?"

"ಐತವಾರ ಡಾಕ್ಟರು ಬರ್ತಾರೇನಪಾ?"

"ಡಾಕ್ಟರಲ್ಲ. ನಿಮ್ಮ ಸತ್ಕಾರ."

ಸತ್ಕಾರ ಅಂದರೇನು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಶಾಲು, ತೆಂಗಿನಕಾಯಿ, ಹಾರ, ಫೋಟೊ. ನಮ್ಮ ಸೀಮೆಯಲ್ಲಿ ಮನುಷ್ಯನಿಗೆ ಬೇಕಾದ್ದನ್ನು ಕೊಡಲಿಕ್ಕೆ ಆಗದಿದ್ದಾಗ ಅವನಿಗೆ ಶಾಲು ಹೊಚ್ಚುವುದು ರೂಢಿ. ಸಮಿತಿಯ ಅಧ್ಯಕ್ಷರಾದ ಶಾಂತವೀರಪ್ಪ ಶೇಟರದು ನಿಲಂಗಾದಲ್ಲಿ ಬಟ್ಟೆಯ ದೊಡ್ಡ ಅಂಗಡಿ ಇರುವುದರಿಂದ ಶಾಲಿಗೆ ಯಾವತ್ತೂ ಕೊರತೆ ಬಿದ್ದಿಲ್ಲ.

ಐತವಾರ ಉಜ್ವಲಾಳನ್ನು ಕುರ್ಚಿಯಲ್ಲಿ ಕೂಡಿಸಿ ನಾಲ್ಕು ಮಂದಿ ಹಮಾಲರು ಐದಡಿ ಎತ್ತರದ ಮಂಟಪಕ್ಕೆ ಹೂವಿನಂತೆ ಎತ್ತಿಟ್ಟರು.

"ನೀಲೇಶಣ್ಣಾ," ಉಜ್ವಲಾ ಮೆಲ್ಲಗೆ ಕೇಳಿದಳು, "ಐದ ಅಡಿ ಎತ್ತೀರಿ. ಇದೇ ಕುರ್ಚಿ ಇವರ ಕೈಲೇ ಒಯ್ದು ಆ ಮೂರ ಅಡಿ ಟೇಬಲ್ ಮ್ಯಾಲ ಇಟ್ಟಬಿಡ್ರಲಾ."

"ಅದು ಆರೋಗ್ಯ ವಿಭಾಗ ಅಕ್ಕಾ. ಇದು ಹಕ್ಕಿನ ವಿಭಾಗ. ಹಕ್ಕಿನ ವಿಭಾಗದಾಗ ಗಂಡಸರು ಎತ್ತಬಹುದು."

ಶಾಂತವೀರಪ್ಪ ಶೇಟರು ಮೈಕಿನಲ್ಲಿ ಹೇಳಿದರು: "ಈ ಹೆಣ್ಣುಮಗಳ ಜಿದ್ದ ನೋಡ್ರಿ. ಏಳ ಮೆಟ್ಟಲಾ ತಾನೇ ಹತ್ತಿ ಬಂದಾಳ. ನಾವ್ಯಾರೂ ಒಂದ ಕೈ ಹಚ್ಚಿಲ್ಲ. ಇದು ನಮ್ಮ ಸಮಿತಿಗಿ ಅಭಿಮಾನದ ಮಾತು."

ಜನ ಚಪ್ಪಾಳೆ ತಟ್ಟಿದರು. ಉಜ್ವಲಾ ಮೈಕಿಗೆ ಕೈಚಾಚಿದಳು. ನೀಲೇಶ ಮೈಕನ್ನು ಹಿಂದಕ್ಕೆ ಸರಿಸಿ, ಸತ್ಕಾರಮೂರ್ತಿಗಳು ಮಾತಾಡಿದರೆ ಸತ್ಕಾರದ ಗಾಂಭೀರ್ಯ ಹೋಗುತ್ತದೆ ಎಂಬ ನಿಯಮವನ್ನು ಕಿವಿಯಲ್ಲಿ ಹೇಳಿದ. ಆಕೆ ಕುಂತ ಕುರ್ಚಿಯ ಮೇಲೆ ಹಾಸಿದ ಬಿಳೀ ಬಟ್ಟೆಯಲ್ಲಿ ಕಲೆ ಆಗಿತ್ತು. ಅದನ್ನು ಕುಂಕುಮ ಅಂತ ತಿಳಿದರು.

ಮುಂದಿನ ಗುರುವಾರ ಆಕೆ ಮತ್ತೆ ಬಂದಳು. ಟೇಬಲ್ಲು ಮೂರೇ ಅಡಿ ಇತ್ತು. ಮತ್ತೆ ಅರ್ಜಿ ಕೊಟ್ಟಳು. ಸಮಿತಿ ತುರ್ತು ಸಭೆ ಕರೆದು ಹೀಗೆ ನಿರ್ಣಯ ಮಾಡಿತು:

'ನಿರ್ಣಯ ಕ್ರಮಾಂಕ ಹದಿನೇಳು. ಅರ್ಜಿ ತಂದ ದಿವ್ಯಾಂಗ ಭಗಿನಿಯನ್ನು ಬರಿಗೈಯಿಂದ ಕಳಿಸುವುದು ಸಮಿತಿಗೆ ಶೋಭಿಸುವುದಿಲ್ಲ. ಆದಕಾರಣ ಅರ್ಜಿಯ ಮೇಲೆ ಕ್ರಮ ಜರುಗುವವರೆಗೆ ಪ್ರತಿ ಅರ್ಜಿಗೆ ಒಂದರಂತೆ ಸತ್ಕಾರ ಮಾಡತಕ್ಕದ್ದು.'

ಹೀಗೆ ಶುರುವಾದದ್ದು ಹನ್ನೊಂದು ತಿಂಗಳು ನಡೆಯಿತು. ಗುರುವಾರ ಅರ್ಜಿ, ಐತವಾರ ಸತ್ಕಾರ. ನಿಲಂಗಾದ ಜನಕ್ಕೆ ಬೇಸರ ಆಗಬಾರದೆಂದು ಒಮ್ಮೆ ಉಮರ್ಗಾದಲ್ಲಿ, ಒಮ್ಮೆ ಉದಗೀರದಲ್ಲಿ. ಮನೆಯಲ್ಲಿ ತೆಂಗಿನಕಾಯಿ ಚಟ್ನಿ ತಿಂದು ತಿಂದು ಪ್ರಯಾಗಬಾಯಿಗೆ ಕೆಮ್ಮು ಹತ್ತಿತು. ಉಜ್ವಲಾಳ ಉಗುರು ಬೆಳ್ಳಗಾದವು. ಎಸ್.ಟಿ.ಯಲ್ಲಿ ಕಂಡಕ್ಟರ್ ಆಕೆಯ ಸೀಟಿನ ಪಕ್ಕ ಯಾರನ್ನೂ ಕೂಡಿಸುತ್ತಿರಲಿಲ್ಲ. ಅದೂ ಒಂದು ಸತ್ಕಾರವೇ ಅಂತ ಆಕೆ ಅವ್ವನಿಗೆ ಹೇಳಿದಳು.

ಮೊದಮೊದಲು ಅವ್ವ ಶಾಲುಗಳನ್ನು ಅವರಿವರಿಗೆ ಕೊಟ್ಟುಬಿಟ್ಟಳು. ಅದರಲ್ಲೊಂದಕ್ಕೆ ಊದಿನಕಡ್ಡಿಯ ಕಿಡಿ ತಾಗಿ ಸಣ್ಣ ತೂತು ಬಿದ್ದಿತ್ತು. ಉಜ್ವಲಾ ಅದಕ್ಕೆ ಹಸಿರು ದಾರದಲ್ಲಿ ತೇಪೆ ಹೊಲಿದು ಪಕ್ಕದ ಮನೆಯ ಬಾಣಂತಿಗೆ ಕೊಟ್ಟಿದ್ದಳು. ಎರಡು ತಿಂಗಳಿಗೆ ಅದೇ ಹಸಿರು ಹೊಲಿಗೆ ಉದಗೀರದ ಮಂಟಪದಲ್ಲಿ ಆಕೆಯ ಹೆಗಲಿಗೆ ಬಂದು ಕುಂತಿತು. ಬಾಣಂತಿ ಅದನ್ನು ಮಾಸ್ತರರ ನಿವೃತ್ತಿಗೆ ಕೊಟ್ಟಿದ್ದಳು, ಮಾಸ್ತರರು ಶೇಟರ ಅಂಗಡಿಗೆ ಕೊಟ್ಟು ಎರಡು ಬನಿಯನ್ನು ತಂದಿದ್ದರು, ಶೇಟರು ಇಸ್ತ್ರಿ ಮಾಡಿಸಿದ್ದರು.

"ಅವ್ವಾ, ಇನ್ನ ಒಂದೂ ಹೊರಗ ಹಾಕಬ್ಯಾಡ," ಉಜ್ವಲಾ ಮನೆಗೆ ಬಂದು ಹೇಳಿದಳು. "ಎಲ್ಲಾ ಇಲ್ಲೇ ತಡದಿಟ್ಟರ ಅವರ ಕಡಿ ಶಾಲು ಮುಗೀತಾವ. ಶಾಲು ಮುಗದ್ರ ನನ್ನ ನೋಡೇ ನೋಡ್ತಾರ."

ಲೆಕ್ಕ ಸರಿಯಾಗಿತ್ತು. ಆದರೆ ಶೇಟರು ಸೋಲಾಪುರದಿಂದ ಎರಡು ಗಂಟು ಶಾಲು ತರಿಸಿದರು.

ಇಷ್ಟರಲ್ಲಿ ಸಮಿತಿ ಸುಮ್ಮನೆ ಕುಂತಿತ್ತು ಅಂದರೆ ಅನ್ಯಾಯವಾದೀತು. ಮೂವತ್ತೊಂಬತ್ತನೇ ಅರ್ಜಿಯ ಮೇಲೆ ಕ್ರಮ ಜರುಗಿತು. ಬಡಿಗೇರ ಅಮರನಾಥ ಗರಗಸ ತಂದು ಟೇಬಲ್ಲಿನ ನಾಲ್ಕೂ ಕಾಲನ್ನು ಅರ್ಧಕ್ಕೆ ಕೊಯ್ದ. ಒಂದೂವರೆ ಅಡಿಯ ಟೇಬಲ್ಲು ಕುಂಟಿಯ ಹಾಗೆ ನೆಲಕ್ಕೆ ಹತ್ತಿ ಕುಂತದ್ದು ನೋಡಿ ಉಜ್ವಲಾಗೆ ಅದರ ಮೇಲೆ ಅಂತಃಕರಣ ಹುಟ್ಟಿತು. ಹಿಂದುಹಿಂದಾಗಿ ಒಂದೇ ಏಟಿಗೆ ಏರಬಹುದಾದ ಎತ್ತರ. ಆಕೆ ಊರುಗೋಲು ಗೋಡೆಗೆ ಆನಿಸಿದಳು.

"ತಡೀರಿ ಅಕ್ಕಾ, ಇನ್ನ ಉದ್ಘಾಟನಾ ಆಗಿಲ್ಲ," ನೀಲೇಶ ಅಡ್ಡ ಬಂದ.

ಉದ್ಘಾಟನೆಯಾಯಿತು. ಶೇಟರು ರಿಬ್ಬನ್ ಕತ್ತರಿಸಿ, ಫೋಟೊಕ್ಕಾಗಿ ಸ್ವತಃ ಟೇಬಲ್ಲಿನ ಮೇಲೆ ಪರದೆಯ ಒಳಗೆ ಐದು ನಿಮಿಷ ಮಲಗಿದರು. ಉದ್ಘಾಟಕರು ಪುರುಷರ ವ್ಯಾಖ್ಯೆಯಲ್ಲಿ ಬರುವುದಿಲ್ಲವೆಂದು ಮೊದಲೇ ಠರಾವಾಗಿತ್ತು. ಅಮರನಾಥನ ಸತ್ಕಾರ, ಮೇಡಂ ಸತ್ಕಾರ, ಉಜ್ವಲಾಳ ನಲವತ್ತನೇ ಸತ್ಕಾರ ಕೂಡಿಯೇ ಆದವು. ಸಮಾರಂಭದ ದಿನ ತಪಾಸಣೆ ಇರುವುದಿಲ್ಲ.

ಮುಂದಿನ ಗುರುವಾರ ಉಜ್ವಲಾ ಬರುವಷ್ಟರಲ್ಲಿ ಟೇಬಲ್ಲು ಮತ್ತೆ ಎತ್ತರವಾಗಿತ್ತು. ನಾಲ್ಕೂ ಮೋಟುಗಾಲಿನ ಕೆಳಗೆ ನಾಲ್ಕು ಕರೀ ಕಲ್ಲು. ಆಕೆ ತನ್ನ ಟೇಪು ತೆಗೆದು ಅಳೆದಳು. ಮೂರು ಅಡಿ ಎರಡು ಅಂಗುಲ.

"ಏನಪಾ ನೀಲೇಶಾ ಇದು?"

"ಮೇಡಂ ನಡ ಹಿಡದದ ಅಕ್ಕಾ. ಮುಂಜಾನಿ ನಮ್ಮ ಮೆಂಬರ ಹೆಂಡತೀನ ನೋಡಲಿಕ್ಕ ಬಗ್ಗಿದ್ರು, ಮ್ಯಾಲ ಏಳಲಿಕ್ಕೇ ಬರಲಿಲ್ಲ. ಅವರೂ ಹೆಣ್ಣಮಗಳೇ, ಅವರದೂ ಆರೋಗ್ಯನೇ. ಅವರಿಗಿ ಹಕ್ಕ ಇಲ್ಲೇನ?"

"ಟೇಬಲ್ ಎತ್ತರಾತಲ್ಲ."

"ಟೇಬಲ್ ತಗ್ಗೇ ಅದ ಅಕ್ಕಾ. ರಜಿಸ್ಟರದಾಗ ಒಂದೂವರಿ ಅಡಿ ಅಂತ ಏರಸೀವಿ. ಎತ್ತರ ಇರೋದು ಕಲ್ಲು. ಕಲ್ಲು ನಮ್ಮ ರಜಿಸ್ಟರದಾಗ ಬರಂಗಿಲ್ಲ." ನೀಲೇಶ ಒಂದು ಕಲ್ಲನ್ನು ಬೂಟಿನಿಂದ ತಟ್ಟಿ ತೋರಿಸಿದ. "ಸಾಸ್ತೂರದಿಂದ ತರಿಸೀವಿ. ಭೂಕಂಪದಾಗ ಬಿದ್ದ ಮನಿಗಳ ಕಲ್ಲ. ಭಾಳ ಗಟ್ಟಿ."

"ಗೊತ್ತದ," ಉಜ್ವಲಾ ಅಂದಳು. "ಒಮ್ಮೆ ನನ್ನ ಮ್ಯಾಲ ಬಿದ್ದಾವ."

ನೀಲೇಶ ಇದನ್ನು ಮುಂದಿನ ಪತ್ರಿಕಾ ಪ್ರಕಟಣೆಗೆ ಬರೆದುಕೊಂಡ. ಆ ಐತವಾರ ನಲವತ್ತೊಂದನೇ ಶಾಲು ಬಂತು. ಮಂಟಪದ ಮೇಲೆ ಉಜ್ವಲಾ ಕಣ್ಣು ಕತ್ತಲಿಟ್ಟು ಕುರ್ಚಿಯಲ್ಲೇ ವಾಲಿದಳು. ಆಕೆ ನಮ್ರತೆಯಿಂದ ತಲೆ ಬಾಗಿಸಿದಳು ಎಂದು ಶೇಟರು ಮೈಕಿನಲ್ಲಿ ವಿವರಿಸಿದರು.

ಅವತ್ತು ಮನೆಗೆ ಹೋದಮೇಲೆ ಆಕೆ ಟ್ರಂಕು, ಗೂಟ, ನಾಗೊಂದಿಗೆ ಎಲ್ಲೆಲ್ಲಿ ಶಾಲು ತುರುಕಿದ್ದರೋ ಎಲ್ಲ ತೆಗೆಸಿದಳು. ಕೊಟ್ಟುಹಾಕಿದವನ್ನೂ ಅವ್ವ ಮನೆಮನೆ ತಿರುಗಿ ಇಸಿದುಕೊಂಡು ಬಂದಳು. ಹಸಿರು ತೇಪೆಯದು ಎರಡು ಸಲ ಬಂದದ್ದರಿಂದ ಒಂದು ಕಡಿಮೆ ಬಿತ್ತು; ಬಾಣಂತಿ ತನ್ನ ಮನೆಯದೊಂದು ಕೊಟ್ಟು ಲೆಕ್ಕ ತುಂಬಿಸಿದಳು. ಒಂದೊಂದನ್ನೂ ಎಂಟು ಮಡಿಕೆ ಮಾಡಿ ಒಂದರ ಮೇಲೊಂದು ಒಟ್ಟಿ, ಟೇಪು ಹಿಡಿದಳು.

"ಏನ ಮಾಡ್ಲಿಕ್ಹತ್ತೀ ಉಜ್ಜೂ?" ಅವ್ವ ಕೇಳಿದಳು.

"ಸತ್ಕಾರ ಅಳೀಲಿಕ್ಹತ್ತೀನಿ."

ಗುರುವಾರ ತುರೋರಿಯಿಂದ ಎರಡು ಗೋಣಿಚೀಲ ಎಸ್.ಟಿ.ಯ ತಲೆಯ ಮೇಲೆ ಹೊರಟವು. ನಿಲಂಗಾದಲ್ಲಿ ಹಮಾಲರು ಅವನ್ನು ಏಳು ಮೆಟ್ಟಿಲು ಏರಿಸಿ ಪರದೆಯ ಬಾಯಿಗೆ ಇಳಿಸಿದರು. ಚೀಲ ಎತ್ತಲಿಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ನೀಲೇಶನ ಮುಖ ಇಳಿದಿತ್ತು. ಸತ್ಕಾರ ವಾಪಸು ಕೊಡಲಿಕ್ಕೆ ಬಂದಾಳೆಂದು ತಿಳಿದು ಶೇಟರಿಗೆ ಫೋನ್ ಹಚ್ಚಿದ. ಶೇಟರು ಅಂಗಡಿ ಬಿಟ್ಟು ಬರಿಗಾಲಲ್ಲಿ ಬಂದರು.

"ಅವ್ವಾ ತಂಗೀ, ಸಿಟ್ಟಾಗಬ್ಯಾಡ. ಬೇಕಂದ್ರ ಇನ್ನೊಂದ ಸತ್ಕಾರ ಮಾಡೋಣು."

"ಸಿಟ್ಟಿಲ್ರೀ ಶೇಟಜಿ. ಬಾಜೂ ಸರೀರಿ."

ಟೇಬಲ್ಲಿನ ಪಕ್ಕದಲ್ಲಿ ಅವ್ವ, ಮಗಳು ಶಾಲು ಒಟ್ಟಿದರು. ಹದಿನಾಲ್ಕರದ್ದು ಒಂದು ಮೆಟ್ಟಿಲು, ಇಪ್ಪತ್ತೇಳರದ್ದು ಇನ್ನೊಂದು. ಹಸಿರು ತೇಪೆಯದು ಎಲ್ಲಕ್ಕೂ ಮೇಲೆ. ಉಜ್ವಲಾ ಬೆನ್ನು ಕೊಟ್ಟು ಕುಂತು, ಎರಡೂ ಕೈ ಊರಿ, ಮಹಿಳಾ ದಿನದ ಶಾಲು, ಗಣರಾಜ್ಯ ದಿನದ ಶಾಲು, ದಿವ್ಯಾಂಗ ದಿನದ ಶಾಲು ಎಲ್ಲವನ್ನೂ ಹಿಂದುಹಿಂದಾಗಿ ಏರಿ ಟೇಬಲ್ಲಿನ ಮೇಲೆ ಹೋಗಿ ಮಲಗಿದಳು. ಕುಸುಮಬಾಯಿ ತಾನೇ ಪರದೆ ಎಳೆದಳು. ನಡ ಪಟ್ಟಿ ಕಟ್ಟಿಕೊಂಡ ಮೇಡಂ ನೆಟ್ಟಗೆ ನಿಂತು, ಮರ್ಯಾದೆಯಿಂದ ತಪಾಸಣೆ ಮಾಡಿದರು. ಏಳು ನಿಮಿಷ ಹಿಡಿಯಿತು.

"ಗರ್ಭಚೀಲದಾಗ ಗಡ್ಡಿ ಅದ. ಮೋಸಂಬಿಯಷ್ಟು ಬೆಳದದ," ಮೇಡಂ ಕೈಗವಸು ಕಳಚುತ್ತ ಹೇಳಿದರು. "ವರ್ಷದ ಹಿಂದ ಬಂದಿದ್ರ ಗುಳಿಗ್ಯಾಗ ತಡೀತಿತ್ತು. ಈಗ ಚೀಲಾನೇ ತಗಸಬೇಕು. ಲಾತೂರಕ್ಕ ಚೀಟಿ ಕೊಡ್ತೀನಿ, ತಡಾ ಮಾಡಬ್ಯಾಡ್ರಿ. ಮತ್ತ ಇಷ್ಟ ದಿನ ಏನ ಮಾಡ್ತಿದ್ರಿ?"

"ಸತ್ಕಾರದಾಗಿದ್ದೆರೀ ಮೇಡಂ."

"ಇದೇ ನೋಡ್ರಿ," ಮೇಡಂ ಬೇಸರದಿಂದ ಕುಸುಮಬಾಯಿಯ ಕಡೆ ತಿರುಗಿದರು. "ಇವರಿಗಿ ಜಾಗೃತಿನೇ ಇಲ್ಲ."

ಲಾತೂರದಲ್ಲಿ ಆಪರೇಶನ್ ಆಯಿತು. ಚೀಲ ಹೋಯಿತು, ಜೀವ ಉಳಿಯಿತು. ಉಜ್ವಲಾ ಶಾಲುಗಳನ್ನು ಕೇಂದ್ರದಲ್ಲೇ ಬಿಟ್ಟುಹೋಗಿದ್ದಳು, ಮುಂದೆ ಬಂದವಳು ಏರಲಿ ಅಂತ. ಅವು ತಿಂಗಳೊಳಗೆ ತುರೋರಿಗೆ ವಾಪಸು ಬಂದವು. ಜೊತೆಗೆ ಪತ್ರ: ಸನ್ಮಾನ ವೈಯಕ್ತಿಕವಾದದ್ದು, ಒಬ್ಬರ ಸನ್ಮಾನದ ಮೇಲೆ ಇನ್ನೊಬ್ಬರು ಏರುವುದು ನಿಯಮಬಾಹಿರ. ಕೇಂದ್ರದ ಬಾಗಿಲಿಗೆ ಹೊಸ ಸೂಚನೆ ಬಿದ್ದಿತ್ತು:

'ಸಮಿತಿಯು ಸಂಶೋಧಿಸಿದ ಶಾಲು ಸೋಪಾನ ಪದ್ಧತಿ ಇಂದಿನಿಂದ ಜಾರಿಗೆ ಬಂದಿದೆ. ತಪಾಸಣೆಗೆ ಬರುವ ದಿವ್ಯಾಂಗ ಭಗಿನಿಯರು ತಮ್ಮ ಸ್ವಂತದ ನಲವತ್ತೊಂದು ಶಾಲುಗಳೊಂದಿಗೆ ಹಾಜರಾಗತಕ್ಕದ್ದು. ಶಾಲುಗಳು ಸತ್ಕಾರದಲ್ಲಿ ಸಂದವು ಇರಬೇಕು, ಖರೀದಿಸಿದವು ನಡೆಯುವುದಿಲ್ಲ. ಶಾಲು ಪೂರ್ತಿ ಇಲ್ಲದವರು ಮೊದಲು ಸತ್ಕಾರಕ್ಕೆ ಅರ್ಜಿ ಸಲ್ಲಿಸಬೇಕು. ತೆಂಗಿನಕಾಯಿ ತರಬಾರದು.'

ಮೂರಡಿ ಏರಲಾಗದ ಹೆಣ್ಣುಮಕ್ಕಳು ಈ ಭಾಗದಲ್ಲಿ ಇಷ್ಟು ಮಂದಿ ಇದ್ದಾರೆಂದು ಸಮಿತಿಗೆ ಆಗ ಗೊತ್ತಾಯಿತು. ಅರ್ಜಿ ಬರತೊಡಗಿದವು. ಯಾರಿಗೂ ಇದು ವಿಚಿತ್ರ ಅನಿಸಲಿಲ್ಲ. ಎಲ್ಲ ಕಡೆಗೂ ಏನಾದರೊಂದು ಕಾಗದ ಕೇಳುತ್ತಾರೆ, ಇಲ್ಲಿ ಬಟ್ಟೆ ಕೇಳುತ್ತಾರೆ. ಉಜ್ವಲಾಳನ್ನು ಪದ್ಧತಿಯ ಮೂಲಪುರುಷಳೆಂದು ಸಮಿತಿಗೆ ಸದಸ್ಯಳಾಗಿ ತೆಗೆದುಕೊಂಡರು. ಐತವಾರ ಶಾಲು ಹೊಚ್ಚುವ ಕೆಲಸ ಆಕೆಯದು.

ಶಿವಗಂಗಾಬಾಯಿ ಸಾಸ್ತೂರಿನವಳು, ನಲವತ್ತೆರಡು ವರ್ಷ, ನಡದ ಕೆಳಗೆ ಎಚ್ಚರವಿಲ್ಲ. ಎದೆಯಲ್ಲಿ ಗಂಟು ಆಗಿ ನಾಲ್ಕು ತಿಂಗಳು. ಆಕೆಯನ್ನು ಕುರ್ಚಿ ಸಮೇತ ಮಂಟಪಕ್ಕೆ ಏರಿಸಿದ ದಿನ ಉಜ್ವಲಾ ಪಕ್ಕದಲ್ಲಿದ್ದಳು.

"ಎಷ್ಟಾದವು ಅಕ್ಕಾ?"

"ಹನ್ನೊಂದು. ಇದು ಹನ್ನೆರಡು. ಇನ್ನ ಇಪ್ಪತ್ತೊಂಬತ್ತ ಬೇಕು." ಶಿವಗಂಗಾಬಾಯಿ ಸೆರಗಿನ ಒಳಗೆ ಕೈಹಾಕಿ ಗಂಟು ಇರುವ ಜಾಗ ಹಿಡಿದುಕೊಂಡಿದ್ದಳು. "ಗಂಟಿಗಿ ಎಣಸಲಿಕ್ಕ ಬರ್ತದೋ ಇಲ್ಲೋ."

"ನಿಯಮದಾಗ ಶಾಲಿನ ದಪ್ಪದ್ದು ಏನೂ ಬರದಿಲ್ಲ," ಉಜ್ವಲಾ ತಗ್ಗಿದ ದನಿಯಲ್ಲಿ ಹೇಳಿದಳು. "ಮತ್ತ ಎತ್ತರ ಮುಟ್ಟಿದ್ರ ಕುಸುಮಬಾಯಿ ಎಣಸಂಗಿಲ್ಲ. ಗಟ್ಟಿ ಕೂಡು."

ಆಕೆ ಜೋಳಿಗೆಯಿಂದ ಶಾಲು ತೆಗೆದಳು. ಮೇಲ್ನೋಟಕ್ಕೆ ಒಂದೇ ಶಾಲು, ಶೇಟರ ಅಂಗಡಿಯ ಚೀಟಿ ಇದ್ದದ್ದು. ಒಳಗೆ ತನ್ನವೇ ಇಪ್ಪತ್ತೊಂಬತ್ತು ಮಡಚಿ ಇಟ್ಟು ಸುತ್ತಲೂ ಕೈಮಶೀನಿನಲ್ಲಿ ಹೊಲಿದಿದ್ದಳು. ಒಂದು ಮೂಲೆಯಲ್ಲಿ ಹಸಿರು ದಾರ ಕಾಣುತ್ತಿತ್ತು. ಅದನ್ನು ಎತ್ತಲಿಕ್ಕೆ ಇಬ್ಬರು ಹಮಾಲರು ಕೈಹಚ್ಚಬೇಕಾಯಿತು. ಹೆಗಲ ಮೇಲೆ ಬಿದ್ದ ಕೂಡಲೆ ಶಿವಗಂಗಾಬಾಯಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು.

ಶಾಂತವೀರಪ್ಪ ಶೇಟರು ಮೈಕು ಹತ್ತಿರ ಎಳೆದುಕೊಂಡರು. "ನೋಡ್ರಿ, ಸತ್ಕಾರ ಎಷ್ಟ ವಜ್ಜ ಇರ್ತದ," ಅಂದರು, "ಬಡವರು ತಾಳಂಗಿಲ್ಲ."

ಜನ ಚಪ್ಪಾಳೆ ತಟ್ಟಿದರು. ಉಜ್ವಲಾ ಕೂಡ ತಟ್ಟಿದಳು, ಗುರುವಾರಕ್ಕೆ ಇನ್ನು ನಾಲ್ಕು ದಿನ ಇತ್ತು.